ಬಿಸಿಲಿದೆ, ಕರೆಂಟಿಲ್ಲ

ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಮನೆ, ಕೊಟ್ಟಿಗೆಗಳ ಮೇಲೆ ಬ್ಯಾಟರಿ ಇಲ್ಲದ ಸೋಲಾರ್ ಹತ್ತುತ್ತಿದೆ. ಸಬ್ಸಿಡಿ ಇದೆ, ಸಾಲ ಇದೆ, ಬಿಲ್ಲೂ ಇಳಿಯುತ್ತದೆ. ಆದರೆ ಲೈನಿನ ಮೇಲೆ ಮರ ಬಿದ್ದ ದಿನ ಅದೂ ಮಲಗುತ್ತದೆ. ಏಕೆ ಹೀಗೆ? ಮಲೆನಾಡಿನವರು ಇದನ್ನು ಹಾಕಿಸಬೇಕೆ, ಬೇಡವೆ?

ಮೂರು ದಿನ ಬಿಡದೆ ಹೊಯ್ದ ಆರಿದ್ರಾ ಮಳೆ ಆ ಬೆಳಿಗ್ಗೆ ಹೊಳವಾಗಿತ್ತು. ಕೊಪ್ಪದಿಂದ ಶೃಂಗೇರಿಗೆ ಹೋಗುವಾಗ ಹರಿಹರಪುರದ ಹತ್ತಿರ ಟಾರು ರಸ್ತೆ ಬಿಟ್ಟು ಮಣ್ಣುದಾರಿಗೆ ಇಳಿದರೆ ಅಡಿಕೆ ತೋಟದ ತಲೆಯಲ್ಲೊಂದು ಮನೆ. ಸೂರಿನಿಂದ ಇನ್ನೂ ಹನಿ ತೊಟ್ಟಿಕ್ಕುತ್ತಿತ್ತು. ಅಂಗಳಕ್ಕೆ ಬಿದ್ದ ಬಿಸಿಲು ಮಾತ್ರ ಕಣ್ಣು ಬಿಡಲಾಗದಷ್ಟು ಚುರುಕಾಗಿತ್ತು.

ಕೊಟ್ಟಿಗೆಯ ಮಾಡಿನ ಮೇಲೆ ಆರು ಸೋಲಾರ್ ಪ್ಯಾನೆಲ್. ಮಳೆಗೆ ತೊಳೆದು ಕನ್ನಡಿಯ ಹಾಗೆ ಮಿಂಚುತ್ತಿದ್ದವು. ಕೆಳಗೆ, ಮನೆಯೊಳಗೆ, ಹಾಡುಹಗಲೇ ಕತ್ತಲು. ಗ್ರೈಂಡರಿನಲ್ಲಿ ದೋಸೆಯ ಅಕ್ಕಿ ಅರ್ಧ ರುಬ್ಬಿದ ಹಾಗೇ ನಿಂತಿತ್ತು. ಮೂರು ದಿನದಿಂದ ದುಡಿದು ಸುಸ್ತಾದ ಯುಪಿಎಸ್ ಮೂಲೆಯಲ್ಲಿ ಕುಯ್ ಕುಯ್ ಎನ್ನುತ್ತಿತ್ತು.

“ಇಷ್ಟು ಬಿಸಿಲು ಬಿದ್ದಿದೆಯಲ್ಲೋ, ಸೋಲಾರಿಗೆ ಎಂತ ಆಯ್ತು?” ಅಜ್ಜಿ ಮಗನನ್ನು ಕೇಳಿದರು.

“ಲೈನ್ ಇಲ್ಲ ಅಮ್ಮ. ಲೈನ್ ಬಂದ್ರೆ ಇದೂ ಬರ್ತದೆ.”

“ಲೈನ್ ಬಂದ ಮೇಲೆ ಇದು ಎಂತಕ್ಕೆ?”

ಮಗನ ಹತ್ತಿರ ಉತ್ತರವಿರಲಿಲ್ಲ. ಪ್ಯಾನೆಲ್ ಹಾಕಿಸುವಾಗ ಸಬ್ಸಿಡಿ ಎಷ್ಟು, ಕಂತು ಎಷ್ಟು, ಬಿಲ್ ಎಷ್ಟು ಇಳಿಯುತ್ತದೆ ಎಂಬುದನ್ನೆಲ್ಲ ಅವರು ವಿಚಾರಿಸಿದ್ದರು. ಇದೊಂದನ್ನು ಕೇಳಬೇಕೆಂದು ಹೊಳೆದಿರಲಿಲ್ಲ, ಯಾರೂ ತಾವಾಗಿ ಹೇಳಿಯೂ ಇರಲಿಲ್ಲ. ಈ ಮೂರು ತಾಲ್ಲೂಕಿನಲ್ಲಿ ಸೋಲಾರ್ ಹಾಕಿಸಿದ ಎಷ್ಟೋ ಮನೆಗಳಿಗೆ ಈ ಸಂಗತಿ ಗೊತ್ತಾಗುವುದು ಮೊದಲ ಮಳೆಗಾಲದಲ್ಲಿ. ಹಣ ಕೊಡುವ ಮೊದಲೇ ಗೊತ್ತಾಗಲಿ ಎಂಬುದು ನನ್ನ ಆಸೆ.

ಒಂದೇ ಹೆಸರು, ಎರಡು ಸಾಮಾನು

ಅಜ್ಜಿಯ ಮಾತಿನಲ್ಲಿ ತಪ್ಪೇನೂ ಇಲ್ಲ. ಮಲೆನಾಡಿನಲ್ಲಿ ಕಾಲು ಶತಮಾನದಿಂದ ಸೋಲಾರ್ ಎಂದರೆ ಕರೆಂಟ್ ಹೋದಾಗ ಉರಿಯುವ ದೀಪ ಎಂದೇ ಅರ್ಥ.

1995ರಲ್ಲಿ ಹರೀಶ್ ಹಂದೆ ಅವರು ನೆವಿಲ್ ವಿಲಿಯಮ್ಸ್ ಜೊತೆಗೂಡಿ ಸೆಲ್ಕೋ ಕಂಪನಿ ಕಟ್ಟಿದರು. ಬ್ಯಾಂಕಿನಿಂದ ಸಾಲ ಕೊಡಿಸಿ, ಕಂತಿನ ಮೇಲೆ, ಕರಾವಳಿ ಮತ್ತು ಮಲೆನಾಡಿನ ಮನೆಗಳಿಗೆ ಸೋಲಾರ್ ದೀಪ ತಲುಪಿಸುವ ದಾರಿ ತೆರೆದುಕೊಂಡಿತು. ಈ ಕೆಲಸಕ್ಕಾಗಿ 2011ರಲ್ಲಿ ಹಂದೆಯವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಆಗಿನ ಸೋಲಾರ್ ಎಂದರೆ ಮಾಡಿನ ಮೇಲೆ ಒಂದು ಸಣ್ಣ ಪ್ಯಾನೆಲ್, ಜಗಲಿಯ ಮೂಲೆಯಲ್ಲಿ ಒಂದು ಬ್ಯಾಟರಿ, ಅಡುಗೆಮನೆಗೆ, ನಡುಮನೆಗೆ, ಕೊಟ್ಟಿಗೆಗೆ ಒಂದೊಂದು ದೀಪ. ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ಹಾಕುವುದು ಮನೆಯ ಗಂಡುಮಕ್ಕಳ ಕೆಲಸ. ಚಿಮಣಿ ಬುಡ್ಡಿಯ ಕಾಲದಿಂದ ಬಂದ ಮನೆಗಳಿಗೆ ಅದು ಸಣ್ಣ ಸಂಗತಿಯಾಗಿರಲಿಲ್ಲ. ಮಕ್ಕಳು ಆ ಬೆಳಕಿನಲ್ಲಿ ಎಸ್ಸೆಸ್ಸೆಲ್ಸಿ ಓದಿದರು, ಆ ಬೆಳಕಿನಲ್ಲಿ ರಾತ್ರಿ ಅಡಿಕೆ ಸುಲಿದರು.

ಈಗ ಬರುತ್ತಿರುವ ಸೋಲಾರಿಗೂ ಅದಕ್ಕೂ ಹೆಸರು ಒಂದೇ, ಸ್ವಭಾವ ಬೇರೆ. ಹೊಸದರಲ್ಲಿ ಬ್ಯಾಟರಿಯೇ ಇಲ್ಲ. ಪ್ಯಾನೆಲ್ಲಿನಲ್ಲಿ ಹುಟ್ಟುವ ನೇರ ವಿದ್ಯುತ್ತನ್ನು ಗೋಡೆಯ ಮೇಲಿನ ಇನ್ವರ್ಟರ್ 230 ವೋಲ್ಟಿನ ಮನೆಬಳಕೆಯ ಕರೆಂಟಾಗಿ ಮಾರ್ಪಡಿಸಿ, ಊರಿನ ಲೈನಿಗೇ ಜೋಡಿಸಿಬಿಡುತ್ತದೆ. ಮಧ್ಯಾಹ್ನ ಮನೆಯಲ್ಲಿ ಬಳಸಿ ಉಳಿದದ್ದು ಲೈನಿಗೆ ಹೋಗುತ್ತದೆ. ರಾತ್ರಿ ಲೈನಿನಿಂದ ಬರುತ್ತದೆ. ಹೋದದ್ದನ್ನೂ ಬಂದದ್ದನ್ನೂ ಒಂದೇ ಮೀಟರ್ ಎರಡು ಲೆಕ್ಕದಲ್ಲಿ ಬರೆದಿಡುತ್ತದೆ.

ನಿಮ್ಮ ಮನೆಯಿಂದ ಹೊರಟ ಕರೆಂಟ್ ಬೆಂಗಳೂರಿಗೇನೂ ಹೋಗುವುದಿಲ್ಲ. ಅದೇ ಟಿ.ಸಿ.ಯ (ಟ್ರಾನ್ಸ್‌ಫಾರ್ಮರಿನ) ಕೆಳಗಿರುವ ಪಕ್ಕದ ಮನೆಯ ಮಿಕ್ಸಿ ತಿರುಗಿಸುತ್ತದೆ, ಅದರಾಚೆಯ ಮನೆಯ ಟಿ.ವಿ. ಓಡಿಸುತ್ತದೆ. ಬ್ಯಾಟರಿ ಇಲ್ಲವೆಂದರೆ ಕೂಡಿಡುವ ಜಾಗವೇ ಇಲ್ಲವೆಂದಲ್ಲ. ಊರಿನ ಲೈನೇ ಇಲ್ಲಿ ಬ್ಯಾಟರಿ. ಕಷ್ಟ ಇರುವುದೂ ಅಲ್ಲಿಯೇ. ಆ ಬ್ಯಾಟರಿಯ ತಂತಿ ಕಾಡಿನ ನಡುವೆ, ಹೊಳೆಯ ಮೇಲೆ, ಒಣಗಿ ವಾಲಿದ ಮರಗಳ ಬುಡದಲ್ಲಿ ಹಾದು ಬರುತ್ತದೆ.

ಕಂಬದ ಮೇಲಿನ ಮನುಷ್ಯ

ಕರೆಂಟ್ ಹೋದಾಗ ಸೋಲಾರ್ ಏಕೆ ನಿಲ್ಲಬೇಕು?

ಯಕ್ಷಗಾನ ನೋಡಿದವರಿಗೆ ಇದು ಸುಲಭವಾಗಿ ತಿಳಿಯುತ್ತದೆ. ಮದ್ದಳೆಯವರು ಎಷ್ಟೇ ನುರಿತವರಿರಲಿ, ಭಾಗವತರ ತಾಳವನ್ನು ಹಿಡಿದೇ ನುಡಿಸಬೇಕು. ಬ್ಯಾಟರಿ ಇಲ್ಲದ ಸೋಲಾರಿನ ಇನ್ವರ್ಟರೂ ಹಾಗೆಯೇ. ಲೈನಿನಲ್ಲಿ ಸೆಕೆಂಡಿಗೆ 50 ಸಲ ಮಿಡಿಯುವ ತಾಳವನ್ನು ಕೇಳಿಸಿಕೊಂಡು ಅದಕ್ಕೆ ಸರಿಯಾಗಿ ತನ್ನ ಕರೆಂಟನ್ನು ಸೇರಿಸುತ್ತದೆ. ತಾಳ ನಿಂತ ಕೂಡಲೆ, ಹೆಚ್ಚೆಂದರೆ ಎರಡು ಸೆಕೆಂಡಿನಲ್ಲಿ, ಕೈ ತೆಗೆದುಬಿಡುತ್ತದೆ. ಲೈನಿನ ಕೊನೆಯ ಮನೆಗಳಲ್ಲಿ ವೋಲ್ಟೇಜ್ ತೀರಾ ಇಳಿದರೂ ತೀರಾ ಏರಿದರೂ ಅದು ಹೀಗೆಯೇ ಹಿಂದೆ ಸರಿಯುತ್ತದೆ.

ಹೀಗೆ ನಿಲ್ಲುವಂತೆ ಅದನ್ನು ಬೇಕೆಂದೇ ಮಾಡಿರುತ್ತಾರೆ. ಕಾರಣ ತಿಳಿಯಬೇಕಾದರೆ ಮಳೆಗಾಲದ ಒಂದು ಮಧ್ಯಾಹ್ನ ಲೈನ್‌ಮ್ಯಾನ್ ಹಿಂದೆ ನಾಲ್ಕು ಹೆಜ್ಜೆ ನಡೆಯಬೇಕು.

ಮರ ಬಿದ್ದದ್ದು ಎಲ್ಲಿ ಎಂದು ಮೊದಲು ಹುಡುಕಬೇಕು. ಲೈನ್ ಗುಡ್ಡ ಹತ್ತಿ ಹಳ್ಳ ಇಳಿದು ಹೋಗಿರುತ್ತದೆ, ದಾರಿ ಇರುವುದಿಲ್ಲ. ಕಾಲಿಗೆ ಉಂಬಳ, ತಲೆಗೆ ಮಳೆ, ಹೆಗಲಿಗೆ ಹಗ್ಗ. ಮರ ಕಡಿದು, ತಂತಿ ಎಳೆದು, ಕಂಬ ಹತ್ತಿ, ಬರಿಗೈಯಲ್ಲಿ ತಂತಿ ಹಿಡಿಯುವ ಮನುಷ್ಯನಿಗೆ ಇರುವ ಧೈರ್ಯ ಒಂದೇ: ಲೈನ್ ಆಫ್ ಮಾಡಿಸಿದ್ದೇನೆ, ಸ್ಟೇಷನ್ನಿನಿಂದ ಕರೆಂಟ್ ಬರುವುದಿಲ್ಲ.

ಈಗ ಗುಡ್ಡದ ಆಚೆಯ ಮನೆಯ ಸೋಲಾರ್ ಆ ಸತ್ತ ಲೈನಿಗೆ ಕರೆಂಟ್ ತಳ್ಳುತ್ತಿದೆ ಎಂದುಕೊಳ್ಳಿ. ಟಿ.ಸಿ. 11,000 ವೋಲ್ಟನ್ನು ಇಳಿಸಿ ಮನೆಗೆ 230 ಕೊಡುತ್ತದೆ ಎಂದು ನಾವು ಓದಿದ್ದೇವೆ. ಅದು ತಿರುಗಿಯೂ ಕೆಲಸ ಮಾಡುತ್ತದೆ. ಮನೆಯ ಕಡೆಯಿಂದ 230 ವೋಲ್ಟ್ ಹೊಕ್ಕರೆ ಆ ಕಡೆ 11,000 ವೋಲ್ಟಾಗಿ ಏಳುತ್ತದೆ. ಕಂಬದ ಮೇಲಿನವರಿಗೆ ಅದು ಬರುವ ಸುಳಿವೂ ಸಿಗುವುದಿಲ್ಲ.

ಆದ್ದರಿಂದ ಲೈನಿಗೆ ಜೋಡಿಸುವ ಪ್ರತಿಯೊಂದು ಸೋಲಾರ್ ಇನ್ವರ್ಟರೂ ಲೈನ್ ಸತ್ತ ಕೂಡಲೆ ತಾನೂ ನಿಲ್ಲಲೇಬೇಕು. ಕೇಂದ್ರ ವಿದ್ಯುತ್ ಪ್ರಾಧಿಕಾರ 2013ರಲ್ಲಿ ಇದಕ್ಕೆ ಕಾನೂನಿನ ನಿಯಮವನ್ನೇ ಮಾಡಿದೆ. ಈ ರಕ್ಷಣೆಯನ್ನು ತಪ್ಪಿಸುವ ಉಪಾಯ ಹೇಳಿಕೊಡುವವರು ಸಿಗಬಹುದು. ಲೈನ್ ಹೋದಾಗ ಯುಪಿಎಸ್ಸನ್ನೋ ಜನರೇಟರನ್ನೋ ಸೋಲಾರಿನ ತಂತಿಗೆ ಸಿಕ್ಕಿಸಿ ಇನ್ವರ್ಟರಿಗೆ ಸುಳ್ಳು ತಾಳ ಕೇಳಿಸುವ ಕೆಲಸ ಅದು. ದಯವಿಟ್ಟು ಅದಕ್ಕೆ ಕೈ ಹಾಕಬೇಡಿ. ಮೆಶಿನ್ ಸುಡುವುದು ಒಂದು ಕಡೆಗಿರಲಿ, ಕಂಬದ ಮೇಲೆ ಇರುವವರು ನಮ್ಮದೇ ಊರಿನ ಯಾರದೋ ಮಗ.

> ಸಬ್ಸಿಡಿಯ ಲೆಕ್ಕ
>
> ಪಿ.ಎಂ. ಸೂರ್ಯಘರ್ ಯೋಜನೆ ಆರಂಭವಾದದ್ದು 2024ರ ಫೆಬ್ರುವರಿ 13ರಂದು. ಗುರಿ 1 ಕೋಟಿ ಮನೆ, ಒಟ್ಟು ವೆಚ್ಚ 75,021 ಕೋಟಿ ರೂಪಾಯಿ.
>
> 1 ಕಿಲೊವಾಟಿಗೆ 30,000, 2 ಕಿಲೊವಾಟಿಗೆ 60,000, 3 ಕಿಲೊವಾಟ್ ಮತ್ತು ಅದಕ್ಕಿಂತ ದೊಡ್ಡದಕ್ಕೆ 78,000 ರೂಪಾಯಿ ಸಬ್ಸಿಡಿ. ದೇಶದಲ್ಲೇ ತಯಾರಾದ ಪ್ಯಾನೆಲ್ ಆಗಿರಬೇಕು. ಬ್ಯಾಟರಿಗೆ ಸಬ್ಸಿಡಿ ಇಲ್ಲ.
>
> ಅರ್ಜಿ ರಾಷ್ಟ್ರೀಯ ಪೋರ್ಟಲ್ಲಿನಲ್ಲಿ. ಬಿಲ್ಲಿನ ಮೇಲಿರುವ ಗ್ರಾಹಕ ಸಂಖ್ಯೆ ಕೈಯಲ್ಲಿರಲಿ. ಈ ಮೂರೂ ತಾಲ್ಲೂಕು ಮೆಸ್ಕಾಂ ವ್ಯಾಪ್ತಿಯವು. 10 ಕಿಲೊವಾಟ್ ತನಕ ತಾಂತ್ರಿಕ ಸಾಧ್ಯತೆಯ ಪರಿಶೀಲನೆ ಬೇಕಿಲ್ಲ ಎಂದು 2024ರಲ್ಲಿ ಕೇಂದ್ರ ನಿಯಮ ತಿದ್ದಿದೆ. ಎರಡು ದಿಕ್ಕಿನ ಮೀಟರ್ ಕೂತು ಚಾಲೂ ಆದ ಮೇಲೆ ಹಣ ನೇರ ಬ್ಯಾಂಕ್ ಖಾತೆಗೆ.
>
> 2025ರ ಸೆಪ್ಟೆಂಬರ್ 22ರಿಂದ ಸೋಲಾರ್ ಸಾಧನಗಳ ಜಿ.ಎಸ್.ಟಿ. ಶೇ 12ರಿಂದ ಶೇ 5ಕ್ಕೆ ಇಳಿದಿದೆ.

ಬಿಸಿಲೂ ಒಂದು ಬೇಸಿಗೆ ಬೆಳೆ

ಆಗುಂಬೆಯ ನೆರೆಯಲ್ಲಿ ಕೂತು ಸೋಲಾರ್ ಮಾತಾಡುತ್ತೀರಾ ಎಂದು ಕೇಳುವವರಿದ್ದಾರೆ. ಕೇಳಬೇಕಾದ ಪ್ರಶ್ನೆಯೇ. ಶೃಂಗೇರಿಯ ಹತ್ತಿರದ ಕಿಗ್ಗದಲ್ಲಿ ಇರುವವನು ಮಳೆ ದೇವರು ಋಷ್ಯಶೃಂಗ. ಮಳೆ ಬಾರದಿದ್ದರೆ ಬರಿಸು ಎಂದು, ಹೆಚ್ಚಾದರೆ ನಿಲ್ಲಿಸು ಎಂದು ಜನ ಅವನಲ್ಲಿಗೇ ಹೋಗುತ್ತಾರೆ. ಅಂಥ ಸೀಮೆ ಇದು. 2025ರಲ್ಲಿ ಮುಂಗಾರು ಮೇ 24ಕ್ಕೇ ಕೇರಳ ಮುಟ್ಟಿತು. 2009ರಿಂದೀಚೆಗೆ ಅಷ್ಟು ಬೇಗ ಬಂದದ್ದಿಲ್ಲ. ಆ ವರ್ಷ ಮಲೆನಾಡಿನ ಬೇಸಿಗೆಯೇ ಮೊಟಕಾಯಿತು.

ಆದರೂ ಲೆಕ್ಕ ಪೂರ್ತಿ ನೋಡಬೇಕು. ಹೊಳವಾದ ಬಿಸಿಲಿನ ದಿನ 1 ಕಿಲೊವಾಟ್ ಪ್ಯಾನೆಲ್ಲಿನಿಂದ ಸುಮಾರು 4 ಯೂನಿಟ್ ಸಿಗುತ್ತದೆ. 3 ಕಿಲೊವಾಟಿಗೆ 12 ಯೂನಿಟ್. ಕಾರ್ಮೋಡ ಕವಿದ ಪುನರ್ವಸು, ಪುಷ್ಯದ ದಿನಗಳಲ್ಲಿ ಅದರ ಹತ್ತರಲ್ಲಿ ಒಂದೆರಡು ಪಾಲಿಗೆ ತೃಪ್ತಿಪಡಬೇಕು. ಜೂನ್‌ನಿಂದ ಸೆಪ್ಟೆಂಬರ್ ತನಕದ ನಾಲ್ಕು ತಿಂಗಳನ್ನು ಸೋಲಾರಿನ ಮಟ್ಟಿಗೆ ಪಾಳು ಬಿದ್ದ ಗದ್ದೆ ಎಂದೇ ಎಣಿಸಿ.

ಉಳಿದ ಎಂಟು ತಿಂಗಳು ಮಲೆನಾಡು ಸೋಲಾರಿಗೆ ಒಳ್ಳೆಯ ಊರು. ಪ್ಯಾನೆಲ್ಲಿಗೆ ಬೇಕಾದದ್ದು ಬೆಳಕು, ಸೆಕೆಯಲ್ಲ. 25 ಡಿಗ್ರಿಯ ಮೇಲೆ ಪ್ಯಾನೆಲ್ ಬಿಸಿಯಾದಷ್ಟೂ, ಡಿಗ್ರಿಗೆ ಶೇ 0.4ರ ಆಸುಪಾಸು, ಅದರ ಕಸು ಇಳಿಯುತ್ತದೆ. ದೀಪಾವಳಿ ಕಳೆದು ಮಂಜು ಬಿಟ್ಟ ಮೇಲೆ ನಮ್ಮಲ್ಲಿ ಬೀಳುವ ತಣ್ಣನೆಯ, ತೊಳೆದಿಟ್ಟಂಥ ಬಿಸಿಲು ಅದಕ್ಕೆ ಬಹಳ ಹಿಡಿಸುತ್ತದೆ.

ನನಗೆ ಹೆಚ್ಚು ಖುಷಿ ಕೊಟ್ಟದ್ದು ಇನ್ನೊಂದು ಹೊಂದಾಣಿಕೆ. ಅಡಿಕೆ ಸುಗ್ಗಿ ಬರುವುದೂ ಅದೇ ಬಿಸಿಲಿಗೆ. ಸುಲಿಯುವವರು ಸಿಗದೆ ಈಗ ಎಷ್ಟೋ ಮನೆಗಳಲ್ಲಿ ಸುಲಿಯುವ ಮೆಶಿನ್ ಬಂದಿದೆ. ಅಂಗಳದಲ್ಲಿ ಬೇಯಿಸಿದ ಅಡಿಕೆ ಒಣಗಿಸುವ ಬಿಸಿಲೇ ಮಾಡಿನ ಮೇಲೆ ಬಿದ್ದು ಮೆಶಿನ್ನನ್ನೂ ತಿರುಗಿಸುತ್ತದೆ. ಕೊಪ್ಪ, ನರಸಿಂಹರಾಜಪುರದ ಕಡೆ ಕಾಫಿ ಕೊಯ್ಲೂ ಆ ದಿನಗಳದ್ದೇ. ಬಿಸಿಲಿರುವಾಗಲೇ ಕರೆಂಟ್ ಬಳಸಿದರೆ ಮಾಡಿನಲ್ಲಿ ಹುಟ್ಟಿದ್ದು ನೇರ ಮನೆಗೇ ಒದಗುತ್ತದೆ. ಗ್ರೈಂಡರ್, ಬಟ್ಟೆ ಒಗೆಯುವ ಮೆಶಿನ್, ಬಾವಿಯ ಪಂಪು, ಇವನ್ನೆಲ್ಲ ಹನ್ನೊಂದರಿಂದ ಮೂರರ ಒಳಗೆ ಮುಗಿಸುವ ರೂಢಿ ಮನೆಗೆ ಬಂದರೆ ಒಳ್ಳೆಯದು.

ಮೂರು ತಾಲ್ಲೂಕನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದೂ ತಪ್ಪು. ಘಟ್ಟದ ಅಂಚಿನ ಶೃಂಗೇರಿಗೆ ಬೀಳುವಷ್ಟು ಮಳೆ ಕೊಪ್ಪಕ್ಕಿಲ್ಲ. ಕೊಪ್ಪಕ್ಕೆ ಬೀಳುವಷ್ಟು ಭದ್ರಾ ಹಿನ್ನೀರಿನ ಬದಿಯ ನರಸಿಂಹರಾಜಪುರಕ್ಕಿಲ್ಲ. ಕೆರೆಕಟ್ಟೆ, ಕಿಗ್ಗದ ಮನೆಗಿಂತ ನರಸಿಂಹರಾಜಪುರ ಪೇಟೆಯ ತಾರಸಿ ವರ್ಷವಿಡೀ ಹೆಚ್ಚು ದುಡಿಯುತ್ತದೆ. ಬಯಲುಸೀಮೆಯ ಲೆಕ್ಕದ ಹಾಳೆಯನ್ನು ಘಟ್ಟದ ಮನೆಗೆ ತೋರಿಸುವ ಮಾರಾಟಗಾರರನ್ನು ಇಲ್ಲಿಯೇ ತಡೆದು ಕೇಳಬೇಕು: ನಮ್ಮ ಊರಿನ ಹತ್ತಿರ ಈಗಾಗಲೇ ಹಾಕಿದ ಮನೆಯೊಂದರ ಹನ್ನೆರಡು ತಿಂಗಳ ಮೀಟರ್ ಲೆಕ್ಕ ತೋರಿಸಿ ಎಂದು.

ಹಲಸಿನ ಮರ ಉಳಿಯಲಿ

ಪ್ಯಾನೆಲ್ ಎಲ್ಲಿ ಕೂರಬೇಕು? ಹಳೆಯ ಮನೆಗಳದ್ದು ಮಂಗಳೂರು ಹೆಂಚಿನ ಮಾಡು. ಹೆಂಚು ಸರಿಸಿ, ಪಕಾಸಿಗೆ ಕಬ್ಬಿಣದ ಕಾಲು ಕಚ್ಚಿಸಿ ಪ್ಯಾನೆಲ್ ಕೂರಿಸುವುದು ಆಗದ ಕೆಲಸವಲ್ಲ. ಆದರೆ ಸೋರಲು ಶುರುವಾದರೆ ಆ ಮಳೆಗಾಲ ಮುಗಿಯುವ ತನಕ ಗತಿಯಿಲ್ಲ. ಕೊಟ್ಟಿಗೆಯ ಶೀಟು, ಅಡಿಕೆ ಒಣಗಿಸುವ ತಾರಸಿ, ಇಲ್ಲವೆ ಅಂಗಳದ ಬದಿಯಲ್ಲಿ ಎತ್ತರದ ಕಬ್ಬಿಣದ ಚಪ್ಪರ ವಾಸಿ. 1 ಕಿಲೊವಾಟಿಗೆ ನೂರು ಚದರಡಿ ಜಾಗ ಬೇಕು.

ಕೊಪ್ಪದ ಅಕ್ಷಾಂಶ ಹದಿಮೂರೂವರೆ ಡಿಗ್ರಿ. ಹಾಗಾಗಿ ಪ್ಯಾನೆಲ್ ದಕ್ಷಿಣಕ್ಕೆ ಮುಖ ಮಾಡಿ ಸುಮಾರು ಅಷ್ಟೇ ವಾಲಿರಬೇಕು. ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನ ತನಕ ಮಧ್ಯಾಹ್ನದ ಸೂರ್ಯ ನಮ್ಮ ನೆತ್ತಿ ದಾಟಿ ಉತ್ತರಕ್ಕೆ ಸರಿದಿರುತ್ತಾನೆ. ಅದರಲ್ಲಿ ಬಹುಪಾಲು ಮೋಡದ ಕಾಲವೇ ಆದ್ದರಿಂದ ಚಿಂತೆ ಬೇಡ.

ನಿಜವಾದ ಚಿಂತೆ ನೆರಳಿನದು. ಸಾಲಾಗಿ ಜೋಡಿಸಿದ ಪ್ಯಾನೆಲ್ಲುಗಳಲ್ಲಿ ಒಂದರ ಮೇಲೆ ತೆಂಗಿನ ಗರಿಯ ನೆರಳು ಬಿದ್ದರೆ ಇಡೀ ಸಾಲಿನ ದುಡಿಮೆ ಕುಗ್ಗಬಹುದು. ಅದಕ್ಕಾಗಿ ಮರ ಕಡಿಯಿರಿ ಎಂಬ ಸಲಹೆ ಬರುತ್ತದೆ. ಅಜ್ಜ ನೆಟ್ಟ ಹಲಸಿನ ಮರವನ್ನು ಕರೆಂಟ್ ಬಿಲ್ಲಿಗಾಗಿ ಕಡಿಯುವುದು ನನಗೆ ಒಪ್ಪಿಗೆಯಿಲ್ಲ. ಪ್ಯಾನೆಲ್ಲಿನ ಜಾಗ ಬದಲಿಸಿ. ಅದೂ ಆಗದಿದ್ದರೆ ಒಂದೊಂದು ಪ್ಯಾನೆಲ್ಲೂ ಬೇರೆಬೇರೆಯಾಗಿ ದುಡಿಯುವಂತೆ ಮಾಡುವ ಪುಟ್ಟ ಇನ್ವರ್ಟರುಗಳಿವೆ, ಅವನ್ನು ಕೇಳಿ. ಬೆಲೆ ಹೆಚ್ಚು, ಮರ ಉಳಿಯುತ್ತದೆ.

ಮಂಗಗಳ ಕಾಟ ಹೇಳಬೇಕಾಗಿಯೇ ಇಲ್ಲ. ಅಂಚುಗಳಲ್ಲಿ ಪಾಚಿ ಕಟ್ಟುತ್ತದೆ, ಮಳೆ ಬಿಟ್ಟ ಮೇಲೆ ಮೆತ್ತನೆಯ ಬಟ್ಟೆಯಲ್ಲಿ ಒರೆಸಿ ತೆಗೆಯಬೇಕು. ಎಲ್ಲಕ್ಕಿಂತ ಹೆದರಬೇಕಾದದ್ದು ಏಪ್ರಿಲ್, ಮೇ ಮತ್ತು ಹಿಂಗಾರಿನ ಸಿಡಿಲಿಗೆ. ಅರ್ಥಿಂಗ್ ಸರಿಯಾಗಿ ಕೂತಿದೆಯೇ, ಸಿಡಿಲಿನ ಏಟು ತಡೆಯುವ ಸರ್ಜ್ ಪ್ರೊಟೆಕ್ಟರ್ ಪ್ಯಾನೆಲ್ಲಿನ ಕಡೆಗೂ ಲೈನಿನ ಕಡೆಗೂ ಇದೆಯೇ ಎಂಬುದನ್ನು ಕಣ್ಣಾರೆ ನೋಡಿ. ಬಾಯಿಮಾತನ್ನು ನಂಬಬೇಡಿ.

ಬಿಲ್ಲೇ ಇಲ್ಲದವರಿಗೆ ಸೋಲಾರ್ ಏಕೆ?

2023ರಿಂದ ರಾಜ್ಯದಲ್ಲಿ ಗೃಹಜ್ಯೋತಿ ಇದೆ. 2022–23ರ ಸರಾಸರಿ ಬಳಕೆಯ ಮೇಲೆ ಶೇ 10 ಸೇರಿಸಿ, 200 ಯೂನಿಟ್ ಒಳಗಿದ್ದರೆ ಬಿಲ್ ಸೊನ್ನೆ. ಮಲೆನಾಡಿನ ಎಷ್ಟೋ ಮನೆಗಳಲ್ಲಿ ಸ್ನಾನದ ನೀರಿಗೆ ಬಚ್ಚಲೊಲೆ, ಅಡುಗೆಗೆ ಸೌದೆಯೋ ಗ್ಯಾಸೋ, ಫ್ಯಾನು ವರ್ಷಕ್ಕೆ ಎರಡು ತಿಂಗಳು. ನೂರು ಯೂನಿಟ್ ದಾಟದ ಈ ಮನೆಗಳಿಗೆ ಲಕ್ಷ ರೂಪಾಯಿ ಹೂಡಿ ಉಳಿಸುವಂಥದ್ದು ಏನೂ ಇಲ್ಲ. ತೋಟದ ಪಂಪಿಗೂ 10 ಎಚ್‌.ಪಿ. ತನಕ ಕರೆಂಟ್ ಉಚಿತ. ಸೂರ್ಯಘರ್ ಯೋಜನೆಯಲ್ಲಿ ಗುಜರಾತ್, ಮಹಾರಾಷ್ಟ್ರ, ಕೇರಳ ಮುಂದೆ ಹೋಗಿ ಕರ್ನಾಟಕ ಹಿಂದೆ ಉಳಿದದ್ದಕ್ಕೆ ಇದೂ ಒಂದು ಕಾರಣ. ಅಂಥ ಮನೆಯವರು ಸಬ್ಸಿಡಿಯ ಹೆಸರು ಕೇಳಿ ಅವಸರಪಡಬೇಕಾಗಿಲ್ಲ ಎಂದು ನಾನು ನೇರವಾಗಿಯೇ ಹೇಳುತ್ತೇನೆ.

200 ಯೂನಿಟ್ ದಾಟಿ ಪೂರ್ತಿ ಬಿಲ್ ಕಟ್ಟುವವರ ಮಾತು ಬೇರೆ. ಕೂಡುಕುಟುಂಬ, ಎರಡು ಫ್ರಿಜ್ಜು, ಗೀಸರು, ಸುಲಿಯುವ ಮೆಶಿನ್ ಇರುವ ಮನೆ ಎನ್ನಿ. 3 ಕಿಲೊವಾಟಿಗೆ ಸಬ್ಸಿಡಿ ಕಳೆದು ಕೈಯಿಂದ 1 ಲಕ್ಷ ಹೋಯಿತು. ಎಂಟು ತಿಂಗಳು ದಿನಕ್ಕೆ ಸರಾಸರಿ 11, ನಾಲ್ಕು ತಿಂಗಳು ದಿನಕ್ಕೆ 4 ಯೂನಿಟ್ ಹಿಡಿದರೆ ವರ್ಷಕ್ಕೆ ಸುಮಾರು 3,100 ಯೂನಿಟ್. ಯೂನಿಟ್ಟಿಗೆ ಆರು ರೂಪಾಯಿಯ ಲೆಕ್ಕದಲ್ಲಿ 18,600 ರೂಪಾಯಿ. ಐದೂವರೆ ವರ್ಷಕ್ಕೆ ಹಾಕಿದ ಹಣ ಮರಳುತ್ತದೆ. ಪ್ಯಾನೆಲ್ಲಿನ ಆಯುಷ್ಯ 25 ವರ್ಷ.

ಇದು ಹುಟ್ಟಿದ ಕರೆಂಟೆಲ್ಲ ಮನೆಗೇ ಬಳಕೆಯಾದರೆ ಸಿಗುವ ಲೆಕ್ಕ. ನೀವು ಲೈನಿಗೆ ಕೊಟ್ಟದ್ದು ನೀವು ತೆಗೆದುಕೊಂಡದ್ದಕ್ಕಿಂತ ಹೆಚ್ಚಾದರೆ, ಹೆಚ್ಚಿನ ಪಾಲಿಗೆ ವಿದ್ಯುತ್ ನಿಯಂತ್ರಣ ಆಯೋಗ ಗೊತ್ತು ಮಾಡಿದ ದರದಲ್ಲಿ ಹಣ ಸಿಗುತ್ತದೆ. ಅದು ನಾವು ಕೊಡುವ ದರಕ್ಕಿಂತ ಕಡಿಮೆ. ನಿಗದಿತ ಶುಲ್ಕವಂತೂ ತಪ್ಪುವುದಿಲ್ಲ. ಆದ್ದರಿಂದ ಮಾಡಿನಲ್ಲಿ ಜಾಗ ಇದೆ ಎಂದು 5 ಕಿಲೊವಾಟ್ ಹಾಕಿಸುವುದು ಜಾಣತನವಲ್ಲ. ಬಳಕೆ ನೋಡಿ ಅಳತೆ ತೀರ್ಮಾನಿಸಿ.

> ಮುಂಗಡ ಕೊಡುವ ಮುನ್ನ ಕೇಳಿ
>
> ಲೈನ್ ಹೋದಾಗ ಇದು ನಿಲ್ಲುತ್ತದೆಯೇ? ಇಲ್ಲ ಎಂದರೆ ಹೇಗೆ ಎಂದು ವಿವರಿಸಿ.
>
> ಮುಂದೆ ಬ್ಯಾಟರಿ ಸೇರಿಸಲು ಬರುವ ಹೈಬ್ರಿಡ್ ಇನ್ವರ್ಟರ್ ಕೊಟ್ಟರೆ ಹೆಚ್ಚುವರಿ ಎಷ್ಟು?
>
> ಎಷ್ಟು ವೋಲ್ಟಿನಿಂದ ಎಷ್ಟು ವೋಲ್ಟಿನ ತನಕ ಇನ್ವರ್ಟರ್ ತಡೆಯುತ್ತದೆ?
>
> ಕೆಟ್ಟರೆ ರಿಪೇರಿಗೆ ಯಾರು, ಎಲ್ಲಿಂದ, ಎಷ್ಟು ದಿನದಲ್ಲಿ ಬರುತ್ತಾರೆ?

ಜಪಾನಿನ ಒಂದು ಸಾಕೆಟ್

2011ರ ಮಾರ್ಚ್ 11ರ ಭೂಕಂಪ ಮತ್ತು ಸುನಾಮಿಗೆ ಸಿಕ್ಕಿ ಜಪಾನಿನ ಈಶಾನ್ಯ ಭಾಗ ದಿನಗಟ್ಟಲೆ ಕತ್ತಲಲ್ಲಿ ಕೂತಿತು. ಮಾಡಿನ ಮೇಲೆ ಸೋಲಾರ್ ಇದ್ದ ಮನೆಗಳು ಆಗ ಒಂದು ಸಣ್ಣ ಸಂಗತಿಯನ್ನು ನೆನಪಿಸಿಕೊಂಡವು. ಅಲ್ಲಿನ ಮನೆ ಸೋಲಾರಿನ ಇನ್ವರ್ಟರುಗಳಲ್ಲಿ ತುರ್ತಿಗೆಂದು ಬೇರೆಯದೇ ಒಂದು ಸಾಕೆಟ್ ಇರುತ್ತದೆ. ಲೈನ್ ಸತ್ತಾಗ ಸ್ವಿಚ್ ಬದಲಿಸಿದರೆ, ಮನೆಯ ವೈರಿಂಗಿಗೂ ಊರಿನ ಲೈನಿಗೂ ಸಂಬಂಧವಿಲ್ಲದೆ, ಆ ಒಂದು ಸಾಕೆಟ್ಟಿಗೆ 1,500 ವಾಟಿನ ತನಕ ಕರೆಂಟ್ ಬರುತ್ತದೆ. ಬ್ಯಾಟರಿ ಬೇಕಿಲ್ಲ. ಬಿಸಿಲು ಇರಬೇಕು, ಅಷ್ಟೇ. ಮೋಡ ಬಂದರೆ ಕುಗ್ಗುತ್ತದೆ, ಸಂಜೆಗೆ ಮುಗಿಯುತ್ತದೆ. ಆದರೆ ಫೋನ್ ಚಾರ್ಜ್ ಆಗುತ್ತದೆ, ಅನ್ನ ಬೇಯುತ್ತದೆ. ಲೈನಿಗೆ ಒಂದು ಹನಿಯೂ ಹೋಗದ ಕಾರಣ ಕಂಬದ ಮೇಲಿನವರಿಗೆ ಅಪಾಯವಿಲ್ಲ. ಜರ್ಮನಿಯ ಎಸ್‌.ಎಂ.ಎ. ಕಂಪನಿಯೂ ಇಂಥದೇ ಸಾಕೆಟ್ ಇರುವ ಇನ್ವರ್ಟರುಗಳನ್ನು ಅಮೆರಿಕದಲ್ಲಿ ಮಾರಿತು.

ಹರಿಹರಪುರದ ಆ ಅಂಗಳದಲ್ಲಿ ನಿಂತಾಗ ನನ್ನ ತಲೆಯಲ್ಲಿ ಇದೇ ಸುತ್ತುತ್ತಿತ್ತು. ಮರ ಬಿದ್ದು ಲೈನ್ ಹೋಗುವುದು, ಮರುದಿನ ಹೊಳವಾಗುವುದು ನಮ್ಮಲ್ಲಿ ಪ್ರತಿ ಮಳೆಗಾಲದ ಕಥೆ. ಸರ್ಕಾರ ಸಬ್ಸಿಡಿ ಕೊಡುವಾಗ ಘಟ್ಟದ ತಾಲ್ಲೂಕುಗಳಿಗೆ ಇಂಥ ಸಾಕೆಟ್ ಇರುವ ಇನ್ವರ್ಟರನ್ನೇ ಕಡ್ಡಾಯ ಮಾಡಬೇಕು. ಸೋಲಾರ್ ಎಂದು ಹೆಸರಿಟ್ಟು ಕೊಟ್ಟ ಸಾಮಾನು ಬಿಸಿಲಿದ್ದಾಗ ಒಂದು ಗ್ರೈಂಡರನ್ನಾದರೂ ತಿರುಗಿಸಬೇಕೆಂದು ಕೇಳುವುದು ದುರಾಸೆಯಲ್ಲ. ಶರಾವತಿ, ವಾರಾಹಿ, ಭದ್ರೆಯರನ್ನು ಕಟ್ಟಿಹಾಕಲು ನೆಲ ಬಿಟ್ಟುಕೊಟ್ಟು ನಾಡಿಗೆಲ್ಲ ಬೆಳಕು ಕಳಿಸಿದ ಸೀಮೆ ಇದು.

ಅದು ಬರುವ ತನಕ? ಮನೆಯಲ್ಲಿ ಇರುವ ಯುಪಿಎಸ್ಸನ್ನು ಮಾರಬೇಡಿ. 12 ವೋಲ್ಟಿನ 150 ಎ.ಎಚ್. ಬ್ಯಾಟರಿಯಲ್ಲಿ ಲೆಕ್ಕಕ್ಕೆ 1.8 ಯೂನಿಟ್ ಹಿಡಿಯುತ್ತದೆ. 9 ವಾಟಿನ ನಾಲ್ಕು ಎಲ್‌.ಇ.ಡಿ., ಫೋನ್ ಚಾರ್ಜರು, ವೈಫೈ ಎಲ್ಲ ಸೇರಿ 50 ವಾಟ್ ಎಂದರೂ ಒಂದು ರಾತ್ರಿ ನಿಶ್ಚಿಂತೆ. ಮೂರನೇ ರಾತ್ರಿಗೆ ಅದು ಕೈಕೊಡುತ್ತದೆ. ಅದಕ್ಕೆ ಮದ್ದು ಹಳೆಯ ಸೋಲಾರಿನಲ್ಲಿಯೇ ಇದೆ. ಲೈನಿಗೆ ಜೋಡಿಸಿದ ಆರು ಪ್ಯಾನೆಲ್ ಅದರ ಪಾಡಿಗಿರಲಿ. ಅದರ ಪಕ್ಕದಲ್ಲಿ, ಅದಕ್ಕೆ ಸಂಬಂಧವೇ ಇಲ್ಲದಂತೆ, 200 ವಾಟಿನ ಒಂದು ಪ್ಯಾನೆಲ್ಲನ್ನು ಚಾರ್ಜ್ ಕಂಟ್ರೋಲರ್ ಮೂಲಕ ಯುಪಿಎಸ್ ಬ್ಯಾಟರಿಗೆ ಕೊಡಿ. ಹೊಳವಾದ ದಿನ ಮುಕ್ಕಾಲು ಯೂನಿಟ್ ತುಂಬುತ್ತದೆ. ಆ ರಾತ್ರಿಯ ದೀಪಕ್ಕೆ ಅಷ್ಟು ಸಾಕು.

ಹಳ್ಳ ಹತ್ತಿರವಿರುವವರಿಗೆ ಇನ್ನೊಂದು ದಾರಿಯಿದೆ, ಅದು ಈ ಸೀಮೆಗೆ ಹೊಸದೂ ಅಲ್ಲ. ಗುಡ್ಡದಿಂದ ಇಳಿಯುವ ಅಬ್ಬಿಯ ನೀರಿಗೆ ಪೈಪು ಹಾಕಿ ಪುಟ್ಟ ಟರ್ಬೈನ್ ತಿರುಗಿಸುವ ಮನೆಗಳು ಮಲೆನಾಡಿನಲ್ಲಿ ಇವೆ. ಮಳೆ ಹಿಡಿದಾಗಿನಿಂದ ಸುಗ್ಗಿಯ ತನಕ ಅದು ಹಗಲೂ ರಾತ್ರಿ ದುಡಿಯುತ್ತದೆ. ಹಳ್ಳ ಬತ್ತುವ ಹೊತ್ತಿಗೆ ಪ್ಯಾನೆಲ್ಲಿನ ಮೇಲೆ ಬಿಸಿಲು ಬಲಿತಿರುತ್ತದೆ. ನೀರು ಇಲ್ಲದಾಗ ಬಿಸಿಲು, ಬಿಸಿಲು ಇಲ್ಲದಾಗ ನೀರು. ಇಷ್ಟು ಚೆಂದದ ಜೋಡಿ ಬಯಲುಸೀಮೆಗೆ ಸಿಗುವುದಿಲ್ಲ.

ಆ ದಿನ ಮಧ್ಯಾಹ್ನ ಮೂರರ ಹೊತ್ತಿಗೆ ಮತ್ತೆ ಮೋಡ ಕಟ್ಟಿತು. ತೋಟದ ಕೆಳಗಿನ ಧರೆಯಲ್ಲಿ ಲೈನಿನ ಮೇಲೆ ಮರ ಬಿದ್ದಿತ್ತಂತೆ. ಇಬ್ಬರು ಲೈನ್‌ಮ್ಯಾನ್‌ಗಳು ಹಗ್ಗ, ಕತ್ತಿ ಹಿಡಿದು ಅಂಗಳ ಹಾದುಹೋದರು. ಮಗ ಅಷ್ಟರಲ್ಲಿ ಕಂಬ, ಟಿ.ಸಿ., ತಿರುಗಿ ಏಳುವ 11,000 ವೋಲ್ಟ್ ಎಲ್ಲವನ್ನೂ ತಾಯಿಗೆ ವಿವರಿಸಿದ್ದರು.

ಅಜ್ಜಿ ಜಗಲಿಯ ಮೆಟ್ಟಿಲಿಗೆ ಬಂದು ನಿಂತರು.

“ಏ, ಸೋಲಾರಿನ ಸ್ವಿಚ್ ತೆಗ್ದಿದೀಯೇನೋ?”

“ಅದು ತಾನೇ ನಿಂತಿರ್ತದೆ ಅಮ್ಮ, ಎಂತ ಆಗಲ್ಲ,” ಎಂದರು ಲೈನ್‌ಮ್ಯಾನ್‌ಗಳಲ್ಲಿ ಹಿರಿಯರು, ನಗುತ್ತ.

“ಆದ್ರೂ ತೆಗಿ,” ಅಜ್ಜಿ ಮಗನಿಗೆ ಹೇಳಿದರು. “ಅವರು ಕಂಬ ಇಳ್ದು ಬಂದ ಮೇಲೆ ಹಾಕು.”